ಗುಂಡು ಹಾರಿಸದ ಟ್ಯಾಂಕು

ಇಡ್ಲಿ ತಟ್ಟೆಗೆ ಹಿಟ್ಟು ಹೊಯ್ಯುವಾಗಲೆಲ್ಲ ನನಗೆ ಯುದ್ಧದ ಟ್ಯಾಂಕು ನೆನಪಾಗುತ್ತದೆ ಎಂದರೆ ನೀವು ನಗಬಹುದು. ನನ್ನ ಹೆಂಡತಿ ನಕ್ಕು ನಕ್ಕು ಸಾಕಾಗಿ ಈಗ ಸುಮ್ಮನಾಗಿದ್ದಾಳೆ. ತಪ್ಪು ನನ್ನದಲ್ಲ, ನಮ್ಮ ಸೋದರಮಾವನದು. ಮದರಾಸಿನ ಬಳಿಯ ಟ್ಯಾಂಕ್ ಕಾರ್ಖಾನೆಯಲ್ಲಿ ಎರಕದ ಕೆಲಸ ನೋಡಿಕೊಂಡು, ನಿವೃತ್ತರಾಗಿ ಮೈಸೂರಿನಲ್ಲಿದ್ದ ಅವರಿಗೆ ಅಚ್ಚಿನಲ್ಲಿ ಏನು ಹೊಯ್ದರೂ ಅದು ಎರಕವೇ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಮಾವ ಸಿಡ್ನಿಗೆ ನಮ್ಮ ಮನೆಗೆ ಬಂದರು. ನಾನು ಅಲ್ಲಿನ ನಾರ್ವೆಸ್ಟ್ ಬಡಾವಣೆಯ ಆಫೀಸಿನಲ್ಲಿ ಪ್ರೋಗ್ರಾಂ ಬರೆಯುವವನು. ನಲ್ಲಿ ಸೋರಿದರೆ ಕೆಳಗೆ ಬಕೆಟ್ ಇಡುವಲ್ಲಿಗೆ ನನ್ನ ಎಂಜಿನಿಯರಿಂಗು ಮುಗಿಯುತ್ತದೆ. ಪಕ್ಕದ ಮನೆಯ ವೃದ್ಧರಾದ ಲೆನ್ ಅವರ ಜೊತೆ ನಾನು ‘ಹಲೋ’ದಿಂದ ಮುಂದೆ ಹೋಗಿರಲಿಲ್ಲ. ಮಾವ ಬಂದ ವಾರದಲ್ಲೇ ಬೇಲಿಗೆ ಒರಗಿ ಗೆಳೆತನ ಮಾಡಿಬಿಟ್ಟರು.

“ಲೋ, ನಿನ್ನ ಪಕ್ಕದ ಮನೇಲಿ ಯಾರಿದಾರೆ ಗೊತ್ತೇನೋ?” ಎಂದರು ಒಂದು ಸಂಜೆ, ಚಪ್ಪಲಿ ಬಿಡುವ ಮೊದಲೇ. “ಸೆಂಟಿನೆಲ್ ಟ್ಯಾಂಕಿಗೆ ಡ್ರಾಯಿಂಗ್ ಮಾಡಿದೋರು ಕಣೋ! ಇಡೀ ಮೈಯನ್ನ ಇಡ್ಲಿ ಹೊಯ್ದ ಹಾಗೆ ಒಂದೇ ಎರಕದಲ್ಲಿ ಹೊಯ್ದಿದಾರೆ. ಆ ಕಾಲದಲ್ಲಿ!”

ಎರಡನೇ ಮಹಾಯುದ್ಧದ ಕಾಲ ಅದು. ಬ್ರಿಟನ್ನಿಗೆ ತನ್ನ ಟ್ಯಾಂಕುಗಳೇ ಸಾಲದು. ಸ್ವಂತದ್ದೊಂದು ಕಾರನ್ನೂ ಪೂರ್ತಿ ಮಾಡಿ ಅಭ್ಯಾಸವಿಲ್ಲದ ಆಸ್ಟ್ರೇಲಿಯ ತಾನೇ ಟ್ಯಾಂಕು ಮಾಡಹೊರಟಿತು. ದೊಡ್ಡ ಎಂಜಿನ್ ಸಿಗಲಿಲ್ಲ; ಮೂರು ಕಾರ್ ಎಂಜಿನ್‌ಗಳನ್ನು ಒಂದಕ್ಕೊಂದು ಜೋಡಿಸಿದರು. ದಪ್ಪ ಉಕ್ಕಿನ ಹಲಗೆಗಳನ್ನು ಬೆಸೆಯುವ ಅನುಕೂಲವಿರಲಿಲ್ಲ. ಒಂದೇ ಎರಕ ಹೊಯ್ದರು. ನಕ್ಷೆ ಮೆಲ್ಬರ್ನಿನಲ್ಲಿ, ಕಾರ್ಖಾನೆ ಸಿಡ್ನಿಯಲ್ಲಿ. ಎಲ್ಲ ಸಿದ್ಧವಾಗುವ ಹೊತ್ತಿಗೆ ಅಮೆರಿಕದ ಟ್ಯಾಂಕುಗಳು ಬಂದಿಳಿದವು. ಸೆಂಟಿನೆಲ್ ಯುದ್ಧಭೂಮಿ ಕಾಣಲೇ ಇಲ್ಲ.

ಮೆಲ್ಬರ್ನಿನಿಂದ ಆಚೆ ಒಂದು ಮ್ಯೂಸಿಯಂನಲ್ಲಿ ಅದು ಉಳಿದಿತ್ತು. ಲೆನ್ ನೋಡಲು ಹೋಗಿರಲಿಲ್ಲ. ಮಾವ ಬಿಡಬೇಕಲ್ಲ! ಮೂವರೂ ವಿಮಾನ ಹತ್ತಿ, ಮೆಲ್ಬರ್ನಿನ ಅಂಚಿನ ವಿಂಡಮ್ ವೇಲ್‌ನಲ್ಲಿದ್ದ ನನ್ನ ಗೆಳೆಯನ ಮನೆಯಲ್ಲಿ ಉಳಿದು, ಅವನ ಕಾರಿನಲ್ಲಿ ಹೊರಟೆವು.

ದಾರಿಯಲ್ಲಿ ಲೆನ್ ಕಿಟಕಿಯಾಚೆ ನೋಡುತ್ತಲೇ ಹೇಳಿದರು: “ನನ್ನ ತಮ್ಮ ನ್ಯೂಗಿನಿ ಕಾಡಿನ ಯುದ್ಧದಲ್ಲಿ ತೀರಿಕೊಂಡ. ನಾನೂ ಸೇನೆ ಸೇರಲು ಹೋದೆ. ಡ್ರಾಯಿಂಗ್ ಆಫೀಸಿಗೆ ನೀನು ಬೇಕು ಅಂತ ವಾಪಸ್ ಕಳಿಸಿದರು. ಅವನು ಆ ಕಾಡಿನಲ್ಲಿ. ನಾನು ಪೆನ್ಸಿಲ್ ಚೂಪು ಮಾಡ್ತಾ ಕೂತಿದ್ದೆ.”

ಮ್ಯೂಸಿಯಂನಲ್ಲಿ ಟ್ಯಾಂಕು ತೋರಿಸುತ್ತಿದ್ದವನಿಗೆ ನಾವು ಯಾರೆಂದು ತಿಳಿಯದು. “ನೆವರ್ ಫೈರ್ಡ್ ಎ ಶಾಟ್ ಇನ್ ದ ವಾರ್, ಮೇಟ್” ಎಂದು ನಕ್ಕ. ಲೆನ್ ನೆಲ ನೋಡಿದರು. ಸಮಾಧಾನಕ್ಕೆಂದು ನಾನು ಮನಸ್ಸಿನಲ್ಲೇ ಒಂದು ಇಂಗ್ಲಿಷ್ ವಾಕ್ಯ ಜೋಡಿಸತೊಡಗಿದೆ.

ಮಾವ ಆಗಲೇ ಉಕ್ಕಿನ ಮೇಲೆ ಅಂಗೈ ಆಡಿಸುತ್ತಿದ್ದರು. “ಮಿಸ್ಟರ್ ಲೆನ್, ಇಲ್ಲಿ ದಪ್ಪ, ಅಲ್ಲಿ ತೆಳು. ಆರುವಾಗ ಈ ಮೂಲೆ ಬಿರುಕು ಬಿಡಬೇಕಿತ್ತಲ್ಲ? ಹೇಗೆ ತಡೆದಿರಿ?”

ಲೆನ್ ತಲೆಯೆತ್ತಿದರು. “ಬಿಡುತ್ತಿತ್ತು! ಮೊದಮೊದಲು ಬಿಡುತ್ತಿತ್ತು!”

ಆಮೇಲೆ ಅವರ ಮಾತಿಗೆ ತಡೆಯೇ ಇರಲಿಲ್ಲ. ಮೂಲೆಯನ್ನು ದುಂಡಗೆ ಮಾಡಿ ನಕ್ಷೆ ಮತ್ತೆ ಬರೆದದ್ದು, ಎರಕದವರೊಡನೆ ಆಡಿದ ಜಗಳ, ಬಿರುಕಿಲ್ಲದ ಮೈ ಮೊದಲ ಸಲ ಮರಳಿನ ಅಚ್ಚಿನಿಂದ ಹೊರಬಂದಾಗ ಎಲ್ಲರೂ ಸುತ್ತುವರಿದು ನೋಡಿದ್ದು. ನಕ್ಕವನು ಹತ್ತಿರ ಬಂದ. “ಸರ್, ಇದನ್ನು ಮಾಡಿದ್ದು ನೀವಾ?”

“ನಾವೆಲ್ಲ” ಎಂದರು ಲೆನ್. ತಮ್ಮ ಅಂಗೈಯನ್ನು ಆ ಮೂಲೆಯ ಮೇಲಿಟ್ಟು, ಮಾವನತ್ತ ತಿರುಗಿ ಮೆಲ್ಲಗೆ ಹೇಳಿದರು: “ತಮ್ಮ ವಾಪಸ್ ಬಂದ ಮೇಲೆ ಇದನ್ನೆಲ್ಲ ಅವನಿಗೆ ಹೇಳೋಣ ಅಂತಿದ್ದೆ.”

ಮಾವ ಹೂಂಗುಟ್ಟಿ, ಎಂಜಿನ್‌ಗಳ ಬಗ್ಗೆ ಮುಂದಿನ ಪ್ರಶ್ನೆ ಕೇಳಿದರು.

ಈಗ ಇಬ್ಬರೂ ಇಲ್ಲ. ಮೊನ್ನೆ ನಮ್ಮ ಆಫೀಸಿನಲ್ಲಿ, ಹಾಸನದ ಹುಡುಗಿಯೊಬ್ಬಳು ವರ್ಷವಿಡೀ ಕೂತು ಕಟ್ಟಿದ ಸಾಫ್ಟ್‌ವೇರನ್ನು ಮೇಲಿನವರು ಕೈಬಿಟ್ಟರು. “ಇರಲಿ ಬಿಡಮ್ಮ, ಎಲ್ಲ ಅನುಭವ” ಎಂದು ಹೇಳಿ ಕಾಫಿಗೆ ಹೋಗಿಬಿಡುವುದು ಸುಲಭವಿತ್ತು. ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತೆ.

“ಇದರಲ್ಲಿ ತುಂಬ ಕಷ್ಟ ಕೊಟ್ಟಿದ್ದು ಯಾವುದು? ಹೇಗೆ ಬಿಡಿಸಿದೆ, ತೋರಿಸು.”

“ಈಗ್ಯಾಕೆ ಸರ್, ಕ್ಯಾನ್ಸಲ್ ಆಯ್ತಲ್ಲ?”

“ನಾನು ನೋಡ್ಬೇಕು.”

ಅವಳು ಕಣ್ಣೊರೆಸಿಕೊಂಡು, ಸ್ಕ್ರೀನನ್ನು ನನ್ನ ಕಡೆಗೆ ತಿರುಗಿಸಿದಳು.