ಬೆನ್ನ ಹಿಂದೆ ಕೈ ಬದಲಾಯಿಸುವುದು

ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂರುವ ಹೆಂಗಸೊಬ್ಬಳು ಗಾಳಿಪಟ ಹಿಡಿದು ಸಮುದ್ರದ ಮೇಲೆ ಹಾರುತ್ತಿದ್ದಳು ಅಂದರೆ ಯಾರು ನಂಬುತ್ತಾರೆ? ನಂಬದಿದ್ದರೆ ಬಿಡಿ, ನನ್ನ ತವರಿನವರೇ ನಂಬಿರಲಿಲ್ಲ. ವಡೋದರಾದ ಗೋರ್ವಾದಲ್ಲಿ ಅಪ್ಪನ ಹೋಟೆಲು. ಅಲ್ಲಿಗೆ ಫೋಟೋ ಕಳಿಸಿದರೆ ಅಮ್ಮ ಅದನ್ನು ದೊಡ್ಡದು ಮಾಡಿ ನೋಡಿ, ಮೈಗಂಟಿದ ಆ ಕಪ್ಪು ಅಂಗಿ ಯಾರದ್ದು ಎಂದು ಮಾತ್ರ ಕೇಳಿದರು.

ನಮ್ಮ ಹೋಟೆಲು ಸೂರತ್ತಿನ ಪಾಂಡೇಸರಾದಲ್ಲಿ. ಸುತ್ತಲೂ ಬಟ್ಟೆಗೆ ಬಣ್ಣ ಹಾಕುವ ಮಿಲ್ಲುಗಳು. ಅಂಥ ಒಂದು ಮಿಲ್ಲಿನ ಮಾಲೀಕ, ನಮಗಿಂತ ಚಿಕ್ಕವನು, ಬೆಳಿಗ್ಗೆ ಚೀಸ್ ತುಂಬಿದ ಮೈಸೂರು ಮಸಾಲೆ ತಿನ್ನಲು ಬರುತ್ತಿದ್ದ. ದೋಸೆಗೆ ಚೀಸ್ ಹಾಕುವವರ ಬಗ್ಗೆ ನನಗೆ ಮೊದಲಿನಿಂದಲೂ ಒಳ್ಳೆಯ ಅಭಿಪ್ರಾಯವಿಲ್ಲ. ಆದರೆ ಈ ಮನುಷ್ಯ ಯಂತ್ರ ನೋಡಲು ವಿದೇಶಕ್ಕೆ ಹೋಗಿ, ಕಾಲಿಗೆ ಹಲಗೆ ಸಿಕ್ಕಿಸಿಕೊಂಡು ದೊಡ್ಡ ಗಾಳಿಪಟದ ಎಳೆತಕ್ಕೆ ಸಮುದ್ರದ ಮೇಲೆ ಜಾರುವ ಹುಚ್ಚು ಹತ್ತಿಸಿಕೊಂಡು ಬಂದಿದ್ದ. ಜೊತೆಗೆ ಆಡಲು ಯಾರೂ ಇರಲಿಲ್ಲ. ಕಡಲ ಬದಿಯಲ್ಲಿ ಹುಟ್ಟಿದವರು ನೀವು, ನಿಮಗೂ ನೀರೆಂದರೆ ಹೆದರಿಕೆಯೇ ಅಣ್ಣಾ ಎಂದು ನನ್ನ ಗಂಡನನ್ನು ಕೆಣಕಿದ. ಕುಂದಾಪುರದ ಕಡೆಯವರಿಗೆ ಅಷ್ಟು ಅಂದರೆ ಸಾಕು. ಇವರು ಹೊರಟರು. ನಾನು ನೋಡಲು ಹೋದವಳು, ಮರುವಾರ ನೀರಿಗಿಳಿದೆ.

ನಮ್ಮ ಈ ಸಮುದ್ರಕ್ಕೆ ಇಳಿತ ಬಂತೆಂದರೆ ನೀರು ಕಣ್ಣಿಗೆ ಕಾಣದಷ್ಟು ದೂರ ಹೋಗಿಬಿಡುತ್ತದೆ, ಉಳಿಯುವುದು ಬರೀ ಕೆಸರು. ನೀರು ಏರಿ ಭರತ ಇದ್ದಾಗ ಮಾತ್ರ ಆಟ. ಆ ಭರತ ಮಧ್ಯಾಹ್ನ ಊಟದ ರಶ್ಶಿನ ಹೊತ್ತಿಗೆ ಬಂತೋ, ಆ ವಾರ ಹೋಯಿತು. ಬೇಸಿಗೆಯ ಗಾಳಿಯಲ್ಲಿ ನಮಗೆ ಸಿಗುತ್ತಿದ್ದದ್ದು ಅಲ್ಲೊಂದು ದಿನ ಇಲ್ಲೊಂದು ದಿನ. ಹಾಗಾಗಿ ಕಲಿಯಲು ಬಹಳ ಕಾಲ ಹಿಡಿಯಿತು. ಆದರೂ ಕಲಿತೆವು.

ಗಾಳಿಪಟದ ದಾರಗಳು ಒಂದು ಕೋಲಿಗೆ ಬಂದು ಸೇರುತ್ತವೆ. ಅದಕ್ಕೆ ಬಾರ್ ಎನ್ನುತ್ತಾರೆ. ಆ ಬಾರಿನ ಬಳೆಯನ್ನು ಸೊಂಟದ ಪಟ್ಟಿಯ ಕೊಕ್ಕೆಗೆ ಸಿಕ್ಕಿಸಿಕೊಂಡರೆ ಗಾಳಿಯ ಎಳೆತವೆಲ್ಲ ಸೊಂಟಕ್ಕೆ, ಕೈಗೆ ಶ್ರಮವಿಲ್ಲ. ಹಾಗೆಯೇ ಜೀವಮಾನವಿಡೀ ತೇಲಬಹುದು. ಆದರೆ ನಿಜವಾದ ಮೋಜು ಕೊಕ್ಕೆ ಬಿಡಿಸಿದ ಮೇಲೆ. ಆಗ ಪಟಕ್ಕೂ ನಮಗೂ ನಡುವೆ ಎರಡು ಕೈ, ಅಷ್ಟೇ. ಹಲಗೆಯ ಅಂಚನ್ನು ನೀರಿಗೆ ಒತ್ತಿ ಜಿಗಿದರೆ ಮೈ ಅಡ್ಡಡ್ಡ ಚಾಚಿಕೊಂಡು ನೀರಿನ ಮೇಲೆ ಹೋಗುತ್ತದೆ, ಕೈ ತಲೆಯ ಮುಂದೆ, ಕಾಲು ಹಿಂದೆ. ಮೊದಲ ಸಲ ಅದು ಆದಾಗ ನಾನು ನೀರೊಳಗೇ ನಕ್ಕು ಉಪ್ಪು ನೀರು ಕುಡಿದೆ. ಅದರ ಮುಂದಿನದು, ಗಾಳಿಯಲ್ಲಿ ಇರುವಾಗಲೇ ಬಾರನ್ನು ಬೆನ್ನ ಹಿಂದೆ ಒಂದು ಕೈಯಿಂದ ಇನ್ನೊಂದಕ್ಕೆ ದಾಟಿಸಿ ಸುತ್ತು ಹಾಕಿ ಇಳಿಯುವುದು. ನನಗೆ ಅದು ಬೇಕಿತ್ತು. ಸೀರೆ, ಬಂಗಾರ, ಊರಲ್ಲಿ ಮನೆ ಯಾವುದಕ್ಕೂ ನಾನು ಹಾಗೆ ಆಸೆಪಟ್ಟವಳಲ್ಲ. ಗಲ್ಲಾದಲ್ಲಿ ಕೂತು ಚಿಲ್ಲರೆ ಕೊಡುವಾಗಲೂ ಎಡಗೈ ತಾನಾಗಿ ಬೆನ್ನ ಹಿಂದೆ ಹೋಗುತ್ತಿತ್ತು. ಗಿರಾಕಿಗಳು ನನಗೆ ಸೊಂಟನೋವು ಎಂದುಕೊಂಡಿದ್ದರು.

ಮಿಲ್ಲಿನವನು ಮೊದಲು ಹೇಳಿಕೊಟ್ಟದ್ದು ಬೀಳುವುದನ್ನು. ಕೊಕ್ಕೆ ಬಿಡಿಸಿದ ಮೇಲೆ ಏನಾದರೂ ಎಡವಟ್ಟಾದರೆ ಬಾರ್ ಬಿಟ್ಟುಬಿಡಬೇಕು, ಸುರಕ್ಷತೆಯ ದಾರವೊಂದು ಸೊಂಟಕ್ಕಿರುತ್ತದೆ, ಪಟ ಶಕ್ತಿ ಕಳೆದುಕೊಂಡು ನೀರಿಗೆ ಬೀಳುತ್ತದೆ. ನನಗೆ ಅದು ಸಲೀಸಾಗಿ ಬಂತು. ಹೆದರಿಕೆ ಆಯಿತೋ, ಬಿಟ್ಟೆ. ಇವರಿಗೆ ಮಾತ್ರ ಬರಲಿಲ್ಲ. ಇವರು ಚಿಕ್ಕಂದಿನಲ್ಲೇ ಊರು ಬಿಟ್ಟು ಬಂದು ಸಪ್ಲೈಯರ್ ಆಗಿ ಬೆಳೆದವರು. ಮೊಣಕೈವರೆಗೆ ತಟ್ಟೆ ಜೋಡಿಸಿಕೊಂಡು, ಇನ್ನೊಂದು ಕೈಯಲ್ಲಿ ಕುದಿಯುವ ಸಾಂಬಾರಿನ ಬಕೆಟ್ ಹಿಡಿದು ಜನರ ನಡುವೆ ಓಡಾಡಿದವರು. ಕಾಲು ಜಾರಿದರೂ ಕೈಯಲ್ಲಿದ್ದದ್ದನ್ನು ಬಿಡಬಾರದು, ಬಿಟ್ಟರೆ ಕೂತವರ ಮೈ ಸುಡುತ್ತದೆ. ಅವರಿಗೆ ಅದು ಮೈಗೆ ಹತ್ತಿಬಿಟ್ಟಿತ್ತು. ಬೀಳುವಾಗ ಇನ್ನೂ ಬಿಗಿಯಾಗಿ ಹಿಡಿಯುತ್ತಿದ್ದರು. ಮಿಲ್ಲಿನವನು ಬಯ್ದ, ನಾನು ತಮಾಷೆ ಮಾಡಿದೆ, ಇಲ್ಲಿ ಯಾರಿಗೆ ಸಾಂಬಾರ್ ಬಡಿಸಲಿಕ್ಕುಂಟು ಎಂದೆ. ಅವರೂ ನಕ್ಕರು. ಬಿಡಲು ಮಾತ್ರ ಕಲಿಯಲಿಲ್ಲ.

ಒಂದು ದಿನ ಪಟ ಅವರ ತಲೆಯ ಮೇಲೆ ಸುತ್ತು ಹೊಡೆಯಿತು. ಕೊಕ್ಕೆ ಬಿಡಿಸಿದ್ದರು. ದಡದಿಂದ ಮಿಲ್ಲಿನವನು "ಛೋಡ್ ದೋ ಅಣ್ಣಾ" ಎಂದು ಗಂಟಲು ಹರಿಯುವಂತೆ ಕೂಗಿದ. ಅವರು ಹಿಡಿದೇ ಇದ್ದರು. ನೀರಿನ ಮೇಲೆ ದರದರ ಎಳೆದುಕೊಂಡು ಹೋಗಿ, ಬಲ ಭುಜ ಕೀಲು ತಪ್ಪಿ, ಒಳಗಿನ ನರ ಸ್ನಾಯು ಎಲ್ಲ ಹರಿದುಹೋಯಿತು. ಅಹ್ಮದಾಬಾದಿನ ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಗುಣವಾಗುವವರೆಗೆ ಅವರು ಗೋರ್ವಾದಲ್ಲಿ ನನ್ನ ತವರಿನಲ್ಲಿದ್ದರು, ನಾನು ಸೂರತ್ತಿನಲ್ಲಿ ಒಬ್ಬಳೇ ಹೋಟೆಲು ನಡೆಸಿದೆ. ಕೈ ಬಂತು, ಆದರೆ ಭುಜದಿಂದ ಮೇಲೆ ಏಳುವುದಿಲ್ಲ. ತಲೆ ಬಾಚಲು ಈಗಲೂ ಎಡಗೈ.

ಅವರು ಬಿದ್ದದ್ದಕ್ಕೂ ಹಿಂದಿನ ವಾರವಷ್ಟೇ ನನ್ನ ಎಡಗೈಯ ಬೆರಳು ಬೆನ್ನ ಹಿಂದೆ ಬಾರಿಗೆ ತಾಗಿತ್ತು. ಹಿಡಿಯಲಿಲ್ಲ, ತಾಗಿತು ಅಷ್ಟೇ. ಇನ್ನೊಂದು ಭರತ, ಹೆಚ್ಚೆಂದರೆ ಎರಡು, ಆಮೇಲೆ ಇದು ನಿಮ್ಮದು ಭಾಭಿ ಎಂದಿದ್ದ ಮಿಲ್ಲಿನವನು.

ಮುಂದಿನ ಬೇಸಿಗೆ ಅವನು ಬಂದು, ಸಮುದ್ರಕ್ಕೆ ಬರುತ್ತೀರಾ ಎಂದು ಕೇಳಿದ. ಹೋಟೆಲಿನಲ್ಲಿ ಕೆಲಸಕ್ಕೆ ಜನ ಇಲ್ಲ ಎಂದೆ. ಇವರು ಪಕ್ಕದ ಟೇಬಲ್ಲಿನಲ್ಲೇ ಪೇಪರ್ ಓದುತ್ತಿದ್ದರು, ತಲೆ ಎತ್ತಲಿಲ್ಲ. ಅದರ ಮುಂದಿನ ಬೇಸಿಗೆ ಅಡುಗೆ ಭಟ್ಟರು ಊರಿಗೆ ಹೋಗಿದ್ದಾರೆ ಎಂದೆ. ಆಮೇಲೆ ಅವನು ಕೇಳುವುದನ್ನೇ ಬಿಟ್ಟ. ಪಟವನ್ನು ಉಗ್ರಾಣದಲ್ಲಿ ರವೆ ಚೀಲದ ಮೇಲೆ ಎತ್ತಿಟ್ಟೆ. ಕೈ ಎತ್ತಲಾಗದ ಗಂಡನನ್ನು ದಡದಲ್ಲಿ ಕೂರಿಸಿ ನಾನು ಹಾರುವುದೇ? ಅವರ ಹೊಟ್ಟೆ ಎಷ್ಟು ಉರಿಯಬೇಡ? ನಾನೇ ಕೇಳಿಕೊಂಡೆ, ನಾನೇ ಉತ್ತರ ಹೇಳಿಕೊಂಡೆ. ಒಳ್ಳೆಯ ಹೆಂಡತಿ ಎಂದು ಒಳಗೊಳಗೇ ನನಗೆ ನಾನೇ ಬೆನ್ನು ತಟ್ಟಿಕೊಂಡದ್ದೂ ಉಂಟು. ಆಗಾಗ ಸುಮ್ಮನೆ ಅವರ ಮೇಲೆ ರೇಗುತ್ತಿದ್ದೆ, ಚಟ್ನಿಗೆ ಉಪ್ಪು ಕಮ್ಮಿ, ಫ್ಯಾನ್ ಯಾಕೆ ಹಾಕಿದ್ದು ಎಂದೆಲ್ಲ. ಯಾಕೆ ರೇಗುತ್ತೇನೆಂದು ಅವರಿಗೆ ಹೇಗೆ ಗೊತ್ತಾಗಬೇಕು ಪಾಪ.

ಹೀಗೇ ವರ್ಷಗಳು ಹೋದವು. ಕಳೆದ ಬೇಸಿಗೆ ಮಿಲ್ಲಿನವನು ದೋಸೆ ತಿನ್ನುತ್ತಾ ಫೋನ್ ಹಿಡಿದು ಒಂದು ವಿಡಿಯೋ ತೋರಿಸಿದ. ಅವನ ಹತ್ತಿರ ಹೊಸದಾಗಿ ಕಲಿತ ಹುಡುಗಿ. ಜಿಗಿದಳು, ಮೈ ಚಾಚಿದಳು, ಬಾರ್ ಬೆನ್ನ ಹಿಂದೆ ಸರ್ರನೆ ದಾಟಿತು, ಇಳಿದಳು. ಇವರು ಎಡಗೈಯಲ್ಲಿ ಫೋನ್ ತೆಗೆದುಕೊಂಡು ಮತ್ತೆ ನೋಡಿದರು. ಅವನು ಹೋದ ಮೇಲೆ ನನ್ನ ಹತ್ತಿರ ಬಂದು ನಿಂತರು.

"ಇವಳಿಗಿಂತ ನಿನ್ನ ಜಿಗಿತ ಚಂದ ಇತ್ತು. ನೀನು ಬಿಟ್ಟದ್ದು ಯಾಕೆ ಮಾರಾಯ್ತಿ?"

ನನಗೆ ಗಲ್ಲಾದ ಡ್ರಾಯರ್ ಎತ್ತಿ ಎಸೆಯುವಷ್ಟು ಸಿಟ್ಟು ಬಂತು. "ಯಾಕೆ ಅಂತ ಈಗ ಕೇಳುದಾ? ನಿಮಗೆ ಬೇಜಾರಾಗ್ತದೆ ಅಂತ ಬಿಟ್ಟೆ."

ಅವರು ಗಲ್ಲಾದ ಮೇಲೆ ಎಡಗೈ ಊರಿದರು. "ನನಗೆ ಎಂತ ಬೇಜಾರು? ನನ್ನದನ್ನು ನೋಡಿ ನೀನು ಹೆದರಿದ್ದಿ ಅಂತ ಗ್ರಹಿಸಿದೆ ನಾನು. ಹೆದರಿದವಳನ್ನು ಹೋಗು ಅಂತ ದೂಡುದು ಹೇಗೆ? ಆಸ್ಪತ್ರೆಯಲ್ಲಿ ಮಲಗಿದ್ದಾಗ್ಲೂ, ಮುಂದಿನ ಸಲ ಇವಳು ಹಿಡೀತಾಳೆ, ನಾನು ಫೋನಲ್ಲಿ ತೆಗೀತೇನೆ ಅಂತ ಇದ್ದೆ."

ಅವತ್ತು ನಾನು ಊಟ ಮಾಡಲಿಲ್ಲ.

ಮರುವಾರ ಹೋದೆವು. ಮಿಲ್ಲಿನವನ ಪಟ, ಒಳ್ಳೆಯ ಗಾಳಿ, ತುಂಬಿದ ಭರತ. ಕೊಕ್ಕೆ ಹಾಕಿಕೊಂಡು ಹೋದಾಗ ಎಲ್ಲ ನೆನಪಿತ್ತು, ಕಾಲಿಗೆ ಏನೂ ಮರೆತಿರಲಿಲ್ಲ. ಎದೆ ಹಿಗ್ಗಿತು. ಎಳೆತ ತಗ್ಗಿಸಿ ಕೊಕ್ಕೆ ಬಿಡಿಸಿದೆ, ಅಂಚು ಒತ್ತಿ ಜಿಗಿದೆ. ಮೈ ಚಾಚುವ ಮೊದಲೇ ಬಾರ್ ಕೈಯಲ್ಲಿರಲಿಲ್ಲ. ಮತ್ತೆ ಹಲಗೆ ಹತ್ತಿದೆ, ಮತ್ತೆ ಹಾಗೆಯೇ. ಬೆಳಿಗ್ಗೆ ಏಳುವಾಗ ಈಚೆಗೆ ನನ್ನ ಬೆರಳುಗಳು ಜೋಮು ಹಿಡಿದಿರುತ್ತವೆ. ಕತ್ತಿನ ಮೂಳೆ ಸವೆದದ್ದು, ವಯಸ್ಸಿನದು, ಇನ್ನು ಹೀಗೆಯೇ ಎಂದು ಡಾಕ್ಟರು ಹೇಳಿದ್ದರು. ಕೊತ್ತಂಬರಿ ಸೋಸುವಾಗ ಅದರಿಂದ ಏನೂ ತೊಂದರೆ ಆಗಿರಲಿಲ್ಲ. ನೀರು ಇಳಿಯುವವರೆಗೂ ಬಿದ್ದೆ, ಎದ್ದೆ. ಒಂದು ಸಲವೂ ಆಗಲಿಲ್ಲ. ಕೊಕ್ಕೆ ಹಾಕಿಕೊಂಡು ಸುತ್ತುವುದೂ ಚಂದವೇ ಅಲ್ಲವಾ ಭಾಭಿ ಎಂದು ಮಿಲ್ಲಿನವನು ಸಮಾಧಾನ ಮಾಡಲು ಬಂದ. ಅವನ ಮುಖ ನೋಡಲಾಗಲಿಲ್ಲ.

ಇವರು ಕೆಸರಿನಲ್ಲಿ ಇಳಿದು ಬಂದು ಹಲಗೆಯನ್ನು ಎಡಗೈಯಲ್ಲಿ ತೆಗೆದುಕೊಂಡರು. ಬಲಗೈಯಲ್ಲಿದ್ದ ಇವರ ಫೋನು ಇನ್ನೂ ವಿಡಿಯೋ ತೆಗೆಯುತ್ತಲೇ ಇತ್ತು.

"ಹೆದರಿಕೆ ಆಗಿ ಬಿಟ್ಟದ್ದಾ?" ಎಂದು ಕೇಳಿದರು.

"ಬಿಡ್ಲಿಲ್ಲ," ಎಂದೆ. "ಹಿಡಿದೇ ಇದ್ದೆ. ಕೈಗೆ ಆಗ್ಲಿಲ್ಲ."

ಅವರು ಫೋನು ಆರಿಸಿ ಕಿಸೆಗೆ ಹಾಕಿದರು. ನಡೆಯುತ್ತಾ ನನ್ನ ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿದರು, ನೋವುಂಟಾ ಎಂದು ಕೇಳಿದರು. ಇಲ್ಲ ಎಂದೆ. ಇಷ್ಟು ವರ್ಷ ಇವರಿಗೋಸ್ಕರ ನನ್ನದೊಂದನ್ನು ಬಿಟ್ಟುಕೊಟ್ಟಿದ್ದೇನೆ ಎಂದು ನಂಬಿಕೊಂಡಿದ್ದೆ. ಇವರು ಅದನ್ನು ನನ್ನಿಂದ ಕೇಳಿರಲೇ ಇಲ್ಲ.