ಪುಟ್ಟ ಕೌದಿಯ ಮೇಲೆ ಎದ್ದ ಗೆರೆ

ಇಂಥದ್ದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನೇ ಮೊದಲು ನಗುತ್ತಿದ್ದೆ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವವಳು ನಾನು. ಅನುಮಾನಪಡುವುದೇ ನನ್ನ ಕಸುಬು. ಮೈಮೇಲೆ ದೇವರು ಬಂತು, ಸತ್ತವರು ಕನಸಿಗೆ ಬಂದರು ಎಂದು ಯಾರಾದರೂ ಶುರು ಮಾಡಿದರೆ, "ಆತು ಬಿಡ್ರಿ, ಚಾ ಆರಾಕತ್ತೈತಿ" ಎಂದು ಬಾಯಿ ಮುಚ್ಚಿಸುತ್ತಿದ್ದೆ. ಹಾಗಾಗಿ ಇದನ್ನು ಓದಿ ನೀವು ನಕ್ಕರೆ ನನಗೇನೂ ಸಿಟ್ಟಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೆ.

ನನ್ನನ್ನು ಸಾಕಿದವಳು ದೊಡ್ಡವ್ವ, ನಮ್ಮವ್ವನ ಅಕ್ಕ, ತಾಂಬಾ ಊರಿನವಳು. ಹೆರಿಗೆಯಲ್ಲೇ ನಮ್ಮವ್ವ ತೀರಿಕೊಂಡಳು. ಎತ್ತಿಕೊಂಡ ಕೂಸನ್ನು ದೊಡ್ಡವ್ವ ಆಮೇಲೆ ಕೆಳಗಿಳಿಸಲೇ ಇಲ್ಲ. ಸಿಂದಗಿಯ ನಮ್ಮ ಬಾಡಿಗೆ ಮನೆಯಲ್ಲಿ ನಾವಿಬ್ಬರೇ. ಕೌದಿ ಹೊಲಿಯುವುದು ಅವಳ ಹುಚ್ಚು. ಹಳೇ ಸೀರೆ, ನನ್ನ ಹರಿದ ಚೂಡಿದಾರ, ಏನು ಸಿಕ್ಕರೂ ತುಂಡು ಮಾಡಿ ಜೋಡಿಸಿಬಿಡುತ್ತಿದ್ದಳು. ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೊಂದು ಜೋಳದ ರೊಟ್ಟಿಯ ಚೂರು ಇಡಲೇಬೇಕು. ಕೌದಿಗೆ ಹೊಟ್ಟೆ ತುಂಬಿಸುವುದು ಅಂತ ಅದಕ್ಕೆ. ಹಸಿದ ಕೌದಿ ಯಾರನ್ನೂ ಬೆಚ್ಚಗಿಡುವುದಿಲ್ಲವಂತೆ. "ಇರಿವಿ ಬರ್ತಾವು ನೋಡು" ಎಂದು ನಾನು ರೇಗಿಸಿದರೆ, "ಬರ್ಲಿ ಬಿಡು, ಅವಕ್ಕೂ ಹೊಟ್ಟಿ ಐತಿ" ಅನ್ನುತ್ತಿದ್ದಳು.

ಚಿಪ್ ವಿನ್ಯಾಸ ಮಾಡುವವರೆಲ್ಲ ವರ್ಷಕ್ಕೊಮ್ಮೆ ಸೇರುವ ಸಮ್ಮೇಳನವೊಂದಿದೆ. ದೊಡ್ಡ ಕಂಪನಿಗಳ ಜಾತ್ರೆ ಅದು. ನಮ್ಮ ಕಡೆಯ ಕಾಲೇಜಿಗೆ ಅಲ್ಲೊಂದು ಮೇಜು ಸಿಕ್ಕುವುದೇ ಹೆಚ್ಚು. ಕೆಲವು ವರ್ಷಗಳ ಹಿಂದೆ ಅದು ಹೈದರಾಬಾದಿನಲ್ಲಿ ನಡೆದಾಗ ನಾವು ಮಾಡಿದ ಚಿಪ್ ಪ್ರದರ್ಶನಕ್ಕೆ ಆಯ್ಕೆಯಾಯಿತು. ಉಗುರಿಗಿಂತ ಚಿಕ್ಕದು. ಅದನ್ನು ಕೂರಿಸಿದ ಬೋರ್ಡಿನ ಮೇಲೆ ಬೆರಳಿಟ್ಟರೆ ನಾಡಿಯ ಬಡಿತ ಪರದೆಯ ಮೇಲೆ ಗೆರೆಯಾಗಿ ಏಳುತ್ತದೆ.

ಮನೆಯಲ್ಲಿ ಪರೀಕ್ಷೆಗೆ ಸಿಕ್ಕುತ್ತಿದ್ದದ್ದು ದೊಡ್ಡವ್ವನ ಬೆರಳೇ. ಅವಳ ನಾಡಿಗೊಂದು ಚಾಳಿಯಿತ್ತು. ನಾಲ್ಕೈದು ಸಲ ನೆಟ್ಟಗೆ ಬಡಿದು, ಒಂದನ್ನು ನುಂಗಿ, ಆಮೇಲೆ ಗಡಿಬಿಡಿಯಲ್ಲಿ ಎರಡನ್ನು ಒಟ್ಟಿಗೇ ಬಡಿಯುತ್ತಿತ್ತು. ಡಾಕ್ಟರು ಮಾತ್ರೆ ಕೊಟ್ಟಿದ್ದರು. ಆ ಗೆರೆ ನನಗೆ ಅವಳ ನಡಿಗೆಯಷ್ಟೇ ಗುರುತು.

ಹೊರಡುವ ದಿನ ಕರವಸ್ತ್ರದಷ್ಟು ಪುಟ್ಟ ಕೌದಿಯೊಂದನ್ನು ಕೈಗಿಟ್ಟಳು. "ನಿನ್ನ ಬೋರ್ಡ್ ಇದರಾಗ ಸುತ್ತಿಕೊಂಡು ಹೋಗವಾ, ಬಸ್ಸಿನ್ಯಾಗ ಕುಲಕಾಡತೈತಿ."

"ಇದಕ್ಕೂ ಹೊಟ್ಟಿ ತುಂಬಿಸಿಯೇನು?"

"ಮತ್ತ? ಉಪವಾಸ ಕಳಸ್ತೇನೇನು?"

ಎರಡನೆಯ ದಿನ ಬೆಳಗ್ಗೆ ತೀರ್ಪುಗಾರರು ಮೇಜಿನಿಂದ ಮೇಜಿಗೆ ಬರುತ್ತಿದ್ದರು. ನಾನು ಕೌದಿ ಹಾಸಿ, ಬೋರ್ಡನ್ನು ಅದರ ಮೇಲೆ ಬೋರಲಾಗಿಟ್ಟು, ತಂತಿಗಳನ್ನು ಸರಿಪಡಿಸುತ್ತಿದ್ದೆ. ಯಾರ ಬೆರಳೂ ಅದಕ್ಕೆ ತಾಗಿರಲಿಲ್ಲ. ಪರದೆಯ ಮೇಲೆ ಗೆರೆ ಎದ್ದಿತು.

ಪಕ್ಕದ ಮೇಜಿನವರು ಬಗ್ಗಿ ನೋಡಿ, ಏಸಿ ಗಾಳಿಗೆ ಬಟ್ಟೆ ಅದುರುತ್ತಿರಬೇಕು ಎಂದರು. ಆಗಬಹುದಾದ ಮಾತೇ, ನಾನೂ ಹೌದೆಂದೆ. ಬೋರ್ಡ್ ಎತ್ತಿದೆ, ಗೆರೆ ಮಲಗಿತು. ಮತ್ತೆ ಕೌದಿಯ ಮೇಲಿಟ್ಟೆ, ಎದ್ದಿತು. ನಾಲ್ಕೈದು ಬಡಿತ, ಒಂದು ನುಂಗು, ಆಮೇಲೆ ಗಡಿಬಿಡಿಯ ಜೋಡಿ. ಅದು ದೊಡ್ಡವ್ವನ ಗೆರೆ. ಹಳೆಯ ಬಡಿತವನ್ನು ಉಳಿಸಿಟ್ಟುಕೊಳ್ಳುವ ವ್ಯವಸ್ಥೆಯೇ ಆ ಬೋರ್ಡಿನಲ್ಲಿ ಇರಲಿಲ್ಲ. ನೋಡುತ್ತ ನಿಂತಂತೆಯೇ ನುಂಗುವ ಬಡಿತಗಳು ಹೆಚ್ಚಾಗತೊಡಗಿದವು.

ದೊಡ್ಡವ್ವನಿಗೆ ಫೋನ್ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಪಕ್ಕದ ಮನೆಯ ಶಹನಾಜ್ ಆಪಾಗೆ ಮಾಡಿದೆ.

"ಆಪಾ, ನಮ್ಮ ಮನಿಗೆ ಹೋಗಿ ದೊಡ್ಡವ್ವನ್ನ ನೋಡ್ರಿ."

"ಈಗಷ್ಟ ಅಂಗಳದಾಗ ಅರಿವಿ ಒಣಾ ಹಾಕಾಕತ್ತಿದ್ಳಲ್ಲ. ಯಾಕ, ಏನಾತು?"

"ಗೊತ್ತಿಲ್ರಿ. ನಿಮ್ಮ ಕೈ ಮುಗಿತೇನಿ, ಮದ್ಲ ಹೋಗ್ರಿ."

ತೀರ್ಪುಗಾರರು ನನ್ನ ಮೇಜಿಗೆ ಬಂದದ್ದು ಆಗಲೇ. ಅವರಿಗೆ ಬೆನ್ನು ತಿರುಗಿಸಿ, ಫೋನನ್ನು ಕಿವಿಗೆ ಒತ್ತಿಕೊಂಡು ನಿಂತಿದ್ದೆ. "ಯಾ ಅಲ್ಲಾ!" ಎಂದು ಆಪಾ ಕೂಗಿದ್ದು ಕೇಳಿಸಿತು. ದೊಡ್ಡವ್ವ ಬಚ್ಚಲಲ್ಲಿ ಬಿದ್ದಿದ್ದಳು.

ಆಪಾನ ಗಂಡ ತಮ್ಮ ಗಾಡಿಯಲ್ಲೇ ವಿಜಯಪುರಕ್ಕೆ ಒಯ್ದರು. ಇನ್ನೊಂದಿಷ್ಟು ತಡವಾಗಿದ್ದರೆ ಕೈ ಮೀರುತ್ತಿತ್ತು ಎಂದರಂತೆ ಡಾಕ್ಟರು. ನಾನು ಮೇಜನ್ನು ಹಾಗೇ ಬಿಟ್ಟು, ಬೋರ್ಡ್ ಕೌದಿ ಎರಡನ್ನೂ ಎದೆಗವಚಿಕೊಂಡು ಸಿಕ್ಕ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅತ್ತೆ. ಬಹುಮಾನ ಯಾರಿಗೆ ಬಂತೋ, ಹೋಗಲಿ ಅತ್ಲಾಗೆ.

ದೊಡ್ಡವ್ವ ಚೇತರಿಸಿಕೊಂಡ ಮೇಲೆ ಎಲ್ಲವನ್ನೂ ಹೇಳಿದೆ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ. "ಬಿದ್ದಾಗ ನಿನ್ನ ನೆನಸಾಕತ್ತಿದ್ದೆ. ನನಗ ಬ್ಯಾರೆ ಯಾರದಾರ?" ಎಂದಳು. ಆದರೂ ಸುಮ್ಮನಿರುವ ಜಾಯಮಾನವಲ್ಲ ನೋಡಿ ನನ್ನದು. ಮನೆಗೆ ಬಂದು ಕೌದಿಯ ಮೂಲೆ ಬಿಚ್ಚಿದೆ. ಒಳಗೊಂದು ಒಣಗಿದ ರೊಟ್ಟಿಯ ಚೂರು, ಮತ್ತೇನೂ ಇಲ್ಲ. ನಾಚಿಕೊಂಡು ಮತ್ತೆ ಹೊಲಿದಿಟ್ಟೆ. ನನ್ನ ಅಡ್ಡಾದಿಡ್ಡಿ ಹೊಲಿಗೆ ನೋಡಿ, "ಎಂಜಿನೀರ ಅಂತ, ನೆಟ್ಟಗ ಒಂದು ಟಾಕಿ ಹಾಕಾಕ ಬರೂದಿಲ್ಲ" ಎಂದು ದೊಡ್ಡವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಲ್ಯಾಬಿನಲ್ಲಿ ಅದೇ ಕೌದಿಯ ಮೇಲೆ ಅದೇ ಬೋರ್ಡಿಟ್ಟು, ಫ್ಯಾನು ಹಾಕಿ, ಏಸಿ ಹಾಕಿ, ಮೇಜು ಅಲುಗಾಡಿಸಿ ನೋಡಿದೆ. ಒಂದಿಷ್ಟು ಕಸಗೆರೆ ಬಂದವು, ಅಂಥ ಗೆರೆ ಬರಲಿಲ್ಲ.

ದೊಡ್ಡವ್ವ ಹೋದ ವರ್ಷ ನಿದ್ದೆಯಲ್ಲೇ ತೀರಿಕೊಂಡಳು. ಅದಾಗಿ ಸ್ವಲ್ಪ ದಿನಕ್ಕೇ ಸಮ್ಮೇಳನ ಬಂತು. ನಮ್ಮ ಹೊಸ ಚಿಪ್ ಬೇರೆಯದೇ ಇತ್ತು. ಆದರೂ ಹಳೆಯ ಬೋರ್ಡನ್ನು ಒಯ್ದೆ. ಕೌದಿ ಹಾಸಿ ಅದರ ಮೇಲಿಟ್ಟೆ. ಗೆರೆ ನೆಟ್ಟಗೆ ಮಲಗಿತ್ತು. "ಕೆಟ್ಟಿದೆಯಾ ಮೇಡಂ?" ಎಂದು ಯಾರೋ ಕೇಳಿದರು. ಇಲ್ಲ, ಚೆನ್ನಾಗಿಯೇ ಇದೆ ಎಂದೆ. ಮೇಜುಗಳನ್ನು ಎತ್ತುವವರು ಬರುವ ತನಕ ಅದರ ಮುಂದೆಯೇ ಕೂತಿದ್ದೆ.

ಊರಿಗೆ ಬಂದವಳೇ ರೊಟ್ಟಿ ಬಡಿದೆ. ಕೌದಿಯ ಮೂಲೆ ಬಿಚ್ಚಿ, ಹಳೆಯ ಚೂರಿನ ಪಕ್ಕದಲ್ಲೇ ಬಿಸಿ ರೊಟ್ಟಿಯ ಚೂರೊಂದನ್ನಿಟ್ಟು, ನನಗೆ ಬರುವ ಅಡ್ಡಾದಿಡ್ಡಿ ಟಾಕಿಯಲ್ಲೇ ಮತ್ತೆ ಹೊಲಿದೆ. ಯಾಕೆ ಎಂದು ನನ್ನನ್ನು ಕೇಳಬೇಡಿ.