ಕೋವಿಮನೆಯ ದೇಜಪ್ಪನ ಹೊಟ್ಟೆಕಿಚ್ಚು

ದೇಜಪ್ಪ ಮಸ್ಕತ್ತಿನ ರೂವಿಗೆ ಬಂದು ಎಷ್ಟೋ ವರ್ಷವಾಗಿದ್ದರೂ ಊರವರ ಪಾಲಿಗೆ ಅವನು ಕೋವಿಮನೆಯ ದೇಜಪ್ಪನೇ. ಕಾರ್ಕಳದ ಆಚೆಗಿನ ಆ ಊರಿನಲ್ಲಿ ಲೈಸೆನ್ಸಿನ ಕೋವಿ ಇದ್ದದ್ದು ಅವರ ಮನೆಯೊಂದರಲ್ಲೇ. ಗದ್ದೆಗೆ ಕಾಡುಹಂದಿ ನುಗ್ಗಿದರೆ ಯಾರಾದರೂ ಓಡಿಬಂದು ಅವನ ಅಪ್ಪನನ್ನು ಅಂಗಳದಿಂದಲೇ ಕೂಗಿ ಕರೆಯಬೇಕು. ಚುನಾವಣೆ ಬಂತೆಂದು ಕೋವಿಯನ್ನು ಠಾಣೆಗೆ ಒಪ್ಪಿಸಲು ಅಪ್ಪ ಹೆಗಲಿಗೇರಿಸಿ ಹೊರಟರೆ ಅಂಗಡಿಯ ಜಗಲಿಯಲ್ಲಿ ಕೂತವರು ಎದ್ದು ನಿಲ್ಲುತ್ತಿದ್ದರು. ಕಾರ್ಗೋ ಆಫೀಸಿನಲ್ಲಿ ಕಂಡವರ ಪೆಟ್ಟಿಗೆಗಳಿಗೆ ಚೀಟಿ ಅಂಟಿಸಿ ಬದುಕುವ ದೇಜಪ್ಪನಿಗೆ ಎದೆಯುಬ್ಬಿಸಲು ಇದ್ದದ್ದು ಅದೊಂದೇ.

ಅಂಥವನ ಕಣ್ಣೆದುರಿಗೇ ಭೋಜರಾಜನಿಗೆ ಕೋವಿ ಸಿಕ್ಕಿತು!

ಭೋಜರಾಜನೂ ಅದೇ ಊರಿನವನು. ಹಂದಿ ಬಂತೆಂದು ಕೋವಿಮನೆಯ ಅಂಗಳದಲ್ಲಿ ಎಲ್ಲರಿಗಿಂತ ಹೆಚ್ಚು ಸಲ ಕೂಗಿದವನು ಅವನ ಅಪ್ಪ. ಈಗ ಅವನು ಮಸ್ಕತ್ತಿನಿಂದ ಆಚೆ, ಸುವೈಕಿನ ಖರ್ಜೂರದ ತೋಟವೊಂದರಲ್ಲಿ ನೀರಿನ ಪಂಪು ನೋಡಿಕೊಳ್ಳುತ್ತಿದ್ದ. ಎಂಬತ್ತೊಂಬತ್ತರ ಚಳಿಗಾಲದಲ್ಲಿ ಅವನಿಗೆ ವೀಸಾ ಕೊಟ್ಟ ಕಫೀಲ್, ತೋಟದ ಯಜಮಾನ ಹಮೂದನ ಮಗನ ಮದುವೆಗೆ ದೇಜಪ್ಪನೂ ಹೆಂಡತಿ ಕುಸುಮಳೂ ಹೋಗಿದ್ದರು. ಅಲ್ಲಿಯ ಪದ್ಧತಿಯಂತೆ ಗಂಡಸರು ಕೋವಿಗಳನ್ನು ಗಾಳಿಗೆಸೆದು ಹಿಡಿಯುತ್ತ ಕುಣಿದದ್ದಾಯಿತು. ಆಮೇಲೆ ಮುದುಕ ಹಮೂದ ಬೆಳ್ಳಿಯ ಪಟ್ಟಿಯ ಹಳೆಯ ಕೋವಿಯೊಂದನ್ನು ತಂದು ಭೋಜರಾಜನ ಕೈಯಲ್ಲಿಟ್ಟು, ತನ್ನ ತೋಟ ಒಣಗದಂತೆ ಕಾಯ್ದವನು ಇವನೇ ಎಂದು ಎಲ್ಲರೆದುರು ಹೇಳಿಬಿಟ್ಟ.

ದೇಜಪ್ಪ ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ತನ್ನ ಸಾಹೇಬ ತನಗೆ ಈವರೆಗೆ ಕೊಟ್ಟದ್ದು ಒಂದು ಕ್ಯಾಲೆಂಡರು! ಮರಳಿ ಬರುವಾಗ ದಾರಿಯುದ್ದಕ್ಕೂ ಗೊಣಗಿದ: "ಪಂಪಿಗೆ ಎಣ್ಣೆ ಹಾಕುವವನಿಗೆ ಬೆಳ್ಳಿ ಕೋವಿಯಂತೆ. ಹಿಡಿಯುವುದು ಯಾವ ಕಡೆಯಿಂದ ಅಂತ ಗೊತ್ತುಂಟಾ ಅವನಿಗೆ?"

"ನಿಮಗೆ ಗೊತ್ತುಂಟಾ?" ಎಂದಳು ಕುಸುಮ.

ಮುಂದಿನ ಶುಕ್ರವಾರ ಭೋಜರಾಜ ಒಂದು ಬುಟ್ಟಿ ಖರ್ಜೂರ ಹಿಡಿದುಕೊಂಡು ರೂವಿಯ ಅವರ ಮನೆಗೇ ಬಂದ. ವೀಸಾ ಮುಗಿಸಿ ಊರಿಗೆ ಹೊರಟಿದ್ದ. ಸಾಮಾನೆಲ್ಲ ದೇಜಪ್ಪನ ಆಫೀಸಿನ ಮೂಲಕವೇ ಹೋಗಬೇಕಿತ್ತು.

"ದೇಜಣ್ಣ, ಕೋವಿಯನ್ನು ಬಿಚ್ಚಿ ನಳಿಗೆಯನ್ನು ಒಂದು ಪೆಟ್ಟಿಗೆಗೆ, ಮರದ ಹಿಡಿ ಇನ್ನೊಂದಕ್ಕೆ ಹಾಕ್ತೇನೆ. ಬಿಚ್ಚಿದ ಮೇಲೆ ಅದು ಕೋವಿ ಅಲ್ಲವಲ್ಲ! ಊರಿಗೆ ಹೋಗಿ ಜೋಡಿಸಿ ಚಾವಡಿಯಲ್ಲಿ ನೇತು ಹಾಕುವುದು."

ಚಾವಡಿಯಲ್ಲಿ! ದೇಜಪ್ಪನ ಕಣ್ಣಿಗೆ ಊರವರೆಲ್ಲ ಭೋಜರಾಜನ ಅಂಗಳದಲ್ಲಿ ನಿಂತದ್ದು ಕಂಡಿತು. 'ಹಾಗೇ ಮಾಡು' ಎಂದರೆ ಸಾಕು, ಬಂದರಿನಲ್ಲಿ ಕಸ್ಟಮ್ಸಿನವರು ಹಿಡಿದು ಒಳಗೆ ಹಾಕುತ್ತಾರೆ. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಪೆಟ್ಟಿಗೆಯ ಮೇಲೆ ಬೀಳುವುದು ತನ್ನದೇ ಸಹಿ. ಅಲ್ಲದೆ, 'ಆಗುವುದಿಲ್ಲ' ಎಂದು ಮುಖದೆದುರೇ ಹೇಳುವ ಸುಖವೂ ಸಣ್ಣದೇನಲ್ಲ. ದೇಜಪ್ಪ ಕಾಲ ಮೇಲೆ ಕಾಲು ಹಾಕಿದ.

"ಆಗಲಿಕ್ಕಿಲ್ಲ ಮಾರಾಯ. ಬಿಚ್ಚಿದರೂ ಕಾನೂನಿನ ಕಣ್ಣಿಗೆ ಅದು ಕೋವಿಯೇ. ಇಲ್ಲಿಂದ ಹೊರಡಲು ಇಲ್ಲಿಯ ಪೊಲೀಸರ ಒಪ್ಪಿಗೆ ಬೇಕು, ಅಲ್ಲಿ ಇಳಿಸಲು ನಮ್ಮ ಸರಕಾರದ್ದು ಬೇಕು. ಪ್ರೀತಿಯಿಂದ ಕೊಟ್ಟೆ, ತಗೊಂಡೆ ಅಂದರೆ ನಡೆಯುವುದಿಲ್ಲ. ಕೊಂಡರೂ ಅಷ್ಟೇ, ದಾನ ಬಂದರೂ ಅಷ್ಟೇ, ಮೊದಲು ನಿನ್ನ ಹೆಸರಿಗೆ ಲೈಸೆನ್ಸ್ ಆಗಬೇಕು. ಲೈಸೆನ್ಸ್ ಅಂದರೆ ಮನೆಗೆ ಕೊಡುವುದಲ್ಲ, ಮನುಷ್ಯನಿಗೆ. ಆ ಮನುಷ್ಯ ಸತ್ತರೆ ಅದೂ ಸತ್ತ ಹಾಗೆ. ಆಮೇಲೂ ಇಟ್ಟುಕೊಂಡರೆ ಜೈಲು!"

ಭೋಜರಾಜ ಬಾಯಿ ಬಿಟ್ಟು ಕೇಳಿದ. ಆಮೇಲೆ, ಕುಹಕವೇನೂ ಇಲ್ಲದೆ, ಕೇಳಿಯೇಬಿಟ್ಟ: "ಹಾಗಾದರೆ ದೇಜಣ್ಣ, ನಿಮ್ಮ ಅಪ್ಪ ತೀರಿಹೋಗಿ ವರುಷ ದಾಟಿತಲ್ಲ. ನಿಮ್ಮ ಮನೆಯ ಕೋವಿ ಈಗ ಯಾರ ಹೆಸರಲ್ಲುಂಟು?"

ಕುಸುಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಹೇಳುವುದು ಶಾಸ್ತ್ರ, ಹಾಕುವುದು ಗಾಳ ಎನ್ನುತ್ತಾರೆ. ಇಲ್ಲಿ ಗಾಳ ಸಿಕ್ಕಿಕೊಂಡದ್ದು ಹಾಕಿದವನ ಗಂಟಲಿಗೇ. ಕೋವಿ ಊರಿನ ಮನೆಯಲ್ಲಿ ಅಪ್ಪನ ಫೋಟೋದ ಕೆಳಗೆ ಹಾಗೆಯೇ ನೇತಾಡುತ್ತಿತ್ತು. ಆ ಮನೆಯಲ್ಲಿದ್ದವಳು ತಂಗಿ ಲೋಲಾಕ್ಷಿ, ಗಂಡ ಮಕ್ಕಳೊಂದಿಗೆ.

ಭೋಜರಾಜ ಹಮೂದನ ಕೋವಿಯನ್ನು ಹಮೂದನಿಗೇ ಒಪ್ಪಿಸಿದ. ಮುದುಕ ನಕ್ಕು, "ಖಲಾಸ್, ಇದು ಇಲ್ಲೇ ಇರಲಿ, ಆದರೆ ನಿನ್ನದೇ" ಎಂದನಂತೆ. ಇತ್ತ ದೇಜಪ್ಪ ತಂಗಿಗೆ ಫೋನು ಮಾಡಿದ. "ನಿನ್ನ ಹೆಸರಿಗಾದರೂ ಮಾಡಿಸು ಮಾರಾಯ್ತಿ" ಎಂದು ಅಂಗಲಾಚಿದ. "ಮಕ್ಕಳಿರುವ ಮನೆ, ಆ ಕಬ್ಬಿಣ ನನಗೆ ಬೇಡ ಅಣ್ಣ" ಎಂದು ಅವಳು ಠಾಣೆಗೆ ತಿಳಿಸಿದಳು. ಪೊಲೀಸರು ಬಂದು ಒಯ್ದರು.

ಮುಂದಿನ ರಜೆಯಲ್ಲಿ ದೇಜಪ್ಪ ಕಚೇರಿಯಿಂದ ಕಚೇರಿಗೆ ಅಲೆದ. ಮಸ್ಕತ್ತಿನಲ್ಲಿ ವಾಸ, ಇಲ್ಲಿಯ ಗದ್ದೆ ಕಾಯಲು ನಿಮಗೇಕೆ ಕೋವಿ ಎಂದರು. ಲೈಸೆನ್ಸ್ ಇದ್ದವರಿಗೆ ಮಾರಿ, ಇಲ್ಲವೇ ಸರಕಾರಕ್ಕೆ ಬಿಡಿ ಎಂದರು. ಊರಿನಲ್ಲಿ ಆಗ ಲೈಸೆನ್ಸ್ ಇದ್ದದ್ದು ಒಬ್ಬನಿಗೇ. ದೇಜಪ್ಪ ರೂವಿಯಲ್ಲಿ ಕಲಿಸಿದ ಪಾಠವನ್ನು ಒಂದಕ್ಷರ ಬಿಡದೆ ಪಾಲಿಸಿ, ಬೆಳೆ ಕಾಯಲೆಂದು ಅರ್ಜಿ ಹಾಕಿ ಪಡೆದಿದ್ದ ಭೋಜರಾಜನಿಗೆ.

"ದೇಜಣ್ಣ, ಹೊರಗಿನವರ ಪಾಲಾಗುವುದು ಬೇಡ ಅಂತ ತಗೊಳ್ತಾ ಇದ್ದೇನೆ" ಎಂದ ಭೋಜರಾಜ. ಅವನ ಕಣ್ಣು ತೇವವಾಗಿತ್ತು. ದೇಜಪ್ಪನಿಗೆ ಮೈಯೆಲ್ಲ ಉರಿದದ್ದು ಅದನ್ನು ನೋಡಿಯೇ. ಬೈಯಲು ಒಂದು ತಪ್ಪಾದರೂ ಸಿಗಬಾರದೇ ಈ ಮನುಷ್ಯನಲ್ಲಿ!

ತೊಂಬತ್ತೆರಡರ ರಜೆಯಲ್ಲಿ ಅವನು ಮತ್ತೆ ಊರಿನಲ್ಲಿದ್ದ. ಪೈರು ತೆನೆ ಕಟ್ಟಿತ್ತು. ಒಂದು ಸಂಜೆ ಲೋಲಾಕ್ಷಿ ಗದ್ದೆಯ ಕಡೆಯಿಂದ ಏದುಸಿರು ಬಿಡುತ್ತ ಓಡಿಬಂದಳು. "ಅಣ್ಣಾ, ಹಂದಿ ಹಿಂಡು ಇಳಿದಿದೆ. ಓಡು, ಓಡು!"

ಎಲ್ಲಿಗೆ ಎಂದು ಅವಳು ಹೇಳಲಿಲ್ಲ. ಅವನೂ ಕೇಳಲಿಲ್ಲ. ಬೇಲಿ ದಾಟಿ, ತೋಡು ದಾಟಿ ಓಡಿ ಭೋಜರಾಜನ ಅಂಗಳದಲ್ಲಿ ನಿಂತ. ಚಾವಡಿಯಲ್ಲಿ ಅಪ್ಪನ ಕೋವಿ ಎಣ್ಣೆ ಕುಡಿದು ಮಿನುಗುತ್ತಿತ್ತು. ಗಂಟಲು ಸರಿಮಾಡಿಕೊಂಡು ಅಂಗಳದಿಂದಲೇ ಕೂಗಿದ:

"ಭೋಜಾ, ಹಂದಿ ಬಂತು!"